ಬಯಲೊಲೆಯ ಪಾಠ

ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರವಾಗಲಿ, ಸ್ಕೌಟು ಗೈಡುಗಳ ಬಿಡಾರವಾಗಲಿ, ಶಾಲೆಯ ಪ್ರವಾಸವಾಗಲಿ, ಹೊರಡುವ ಮುನ್ನ ಮೇಲ್ವಿಚಾರಕರು ಮಾಡುವ ಮೊದಲ ಏರ್ಪಾಡು ಊಟ ತಿಂಡಿಗಳದು. ಅಡುಗೆಯವರನ್ನು ಗೊತ್ತುಮಾಡಿದರೆ, ಇಲ್ಲವೆ ಪೊಟ್ಟಣ ಕಟ್ಟಿದ ತಿಂಡಿಯನ್ನು ತರಿಸುವ ವ್ಯವಸ್ಥೆಯಾದರೆ ಅವರಿಗೆ ನಿಶ್ಚಿಂತೆ. ವಿದ್ಯಾರ್ಥಿಗಳು ಬೆಳಗ್ಗೆ ಎದ್ದು ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಸಾಕು. ಈ ಪದ್ಧತಿಯಿಂದ ಒಂದು ದೊಡ್ಡ ನಷ್ಟ ಉಂಟಾಗುತ್ತಿದೆಯೆಂಬುದು ನಮ್ಮ ಅಭಿಪ್ರಾಯ. ಶಿಬಿರದ ಒಂದು ದಿನದ ಬೆಳಗಿನ ಉಪಾಹಾರವನ್ನಾದರೂ ವಿದ್ಯಾರ್ಥಿಗಳೇ ಬಯಲಿನಲ್ಲಿ ಒಲೆ ಹೂಡಿ, ಕಾವಲಿಯಿಟ್ಟು, ಹೊಟ್ಟೆ ತುಂಬುವಷ್ಟು ಮಾಡಿಕೊಳ್ಳಬೇಕು. ಅದನ್ನು ವಿನೋದವೆಂದು ಮಾತ್ರವಲ್ಲ, ವಿಜ್ಞಾನದ ಪಾಠವೆಂದೇ ಎಣಿಸಬೇಕು.

ಹೀಗೆ ಹೇಳಲು ಕಾರಣವಿದೆ. ವಿಶಿಷ್ಟೋಷ್ಣವೆಂದರೇನು, ಗುಪ್ತೋಷ್ಣವೆಂದರೇನು ಎಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಒಂದಕ್ಷರವೂ ತಪ್ಪದಂತೆ ಬರೆದು ಪೂರ್ಣ ಅಂಕಗಳನ್ನು ಪಡೆಯುತ್ತಾರೆ. ಅದೇ ವಿದ್ಯಾರ್ಥಿಯನ್ನು, “ಮೊದಲನೆಯ ದೋಸೆ ಕಾವಲಿಯಿಂದ ಏಳುವುದಿಲ್ಲವೇಕೆ?” ಎಂದು ಕೇಳಿದರೆ ಆತ ನಗುತ್ತಾನೆ, ಅದು ವಿಜ್ಞಾನದ ಪ್ರಶ್ನೆಯೆಂದೇ ಅವನಿಗೆ ತೋರುವುದಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಪುಸ್ತಕದ ಉಷ್ಣಶಾಸ್ತ್ರವೂ ಒಲೆಯ ಮೇಲಿನ ಉಷ್ಣವೂ ಒಂದೇ ಎಂಬ ಅರಿವು ಬರಬೇಕಾದರೆ ಒಲೆಯ ಮುಂದೆ ಕೂರಲೇಬೇಕು.

ಕಾವಲಿ ಕಾದಿದೆಯೇ ಇಲ್ಲವೇ ಎಂದು ತಿಳಿಯಲು ಮನೆಯಲ್ಲಿ ಏನು ಮಾಡುತ್ತಾರೆ? ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ಕಾವು ಸಾಲದಿದ್ದರೆ ಹನಿ ಹರಡಿಕೊಂಡು ಮೆಲ್ಲಗೆ ಆರುತ್ತದೆ. ಕಾವು ಹದವಾಗಿದ್ದರೆ ಚುರ್ರೆಂದು ಸದ್ದು ಮಾಡಿ ಕ್ಷಣದಲ್ಲಿ ಇಲ್ಲವಾಗುತ್ತದೆ. ಕಾವು ಇನ್ನೂ ಏರಿ 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸನ್ನು ಮುಟ್ಟಿದರೆ ಸೋಜಿಗವೊಂದು ಕಾಣುತ್ತದೆ: ಹನಿ ಆರುವುದಿಲ್ಲ, ದುಂಡಗೆ ಮುತ್ತಿನಂತಾಗಿ ಕಾವಲಿಯ ಮೇಲೆ ಓಡಾಡುತ್ತದೆ. ಹೆಚ್ಚು ಕಾದ ಲೋಹದ ಮೇಲೆ ನೀರು ಹೆಚ್ಚು ಹೊತ್ತು ಉಳಿಯುವುದೆಂದರೇನು? ಹನಿಯ ತಳವು ತಟಕ್ಕನೆ ಆವಿಯಾಗಿ, ಆ ಆವಿಯ ತೆಳುವಾದ ಪೊರೆಯೇ ಹನಿಯನ್ನು ಎತ್ತಿ ಹಿಡಿಯುತ್ತದೆ. ಆವಿಯ ಉಷ್ಣವಾಹಕತೆ ಬಹಳ ಕಡಿಮೆಯಾದುದರಿಂದ ಹನಿಗೆ ಕಾವು ತಾಗುವುದಿಲ್ಲ. ಜರ್ಮನಿಯ ವೈದ್ಯ ಯೋಹಾನ್ ಗೊಟ್ಲೋಬ್ ಲೈಡನ್‌ಫ್ರಾಸ್ಟ್ 1756ರಲ್ಲಿ ಕೆಂಪಗೆ ಕಾದ ಕಬ್ಬಿಣದ ಚಮಚದಲ್ಲಿ ಇದನ್ನು ಪರೀಕ್ಷಿಸಿ ಬರೆದಿಟ್ಟನು. ಇಂದಿಗೂ ಈ ಪರಿಣಾಮಕ್ಕೆ ಅವನ ಹೆಸರೇ ಇದೆ. ಅವನಿಗೆ ಬೇಕಾದುದು ಒಂದು ಚಮಚ ಮತ್ತು ಒಲೆ. ನಮ್ಮ ಶಿಬಿರದಲ್ಲಿ ಇವೆರಡೂ ಇವೆ. ಆದರೆ ಈ ಪರೀಕ್ಷೆಯನ್ನು ಎಣ್ಣೆ ಹಾಕುವ ಮೊದಲೇ ಮಾಡತಕ್ಕದ್ದು. ಕಾದ ಎಣ್ಣೆಗೆ ನೀರು ಬಿದ್ದರೆ ಸಿಡಿದು ಮೈ ಸುಡುತ್ತದೆ.

ಹನಿ ಕುಣಿಯುವಷ್ಟು ಕಾದ ಕಾವಲಿಯ ಮೇಲೆ ಹಿಟ್ಟು ಹುಯ್ದರೆ ಅದು ಹರಡುವುದಿಲ್ಲ, ಸೌಟಿಗೇ ಸುತ್ತಿಕೊಳ್ಳುತ್ತದೆ. ಅಕ್ಕಿಯ ಪಿಷ್ಟವು ಸುಮಾರು 60ರಿಂದ 80 ಡಿಗ್ರಿಯೊಳಗೆ ನೀರನ್ನು ಹೀರಿ ಗಟ್ಟಿಯಾಗುವುದೇ ಇದಕ್ಕೆ ಕಾರಣ. ನಾವು ಹರಡುವ ಮೊದಲೇ ಹಿಟ್ಟು ಬೆಂದು ನಿಲ್ಲುತ್ತದೆ. ದೋಸೆ ಹುಯ್ಯುವವರು ನಡುನಡುವೆ ಕಾವಲಿಯ ಮೇಲೆ ನೀರು ಚಿಮುಕಿಸಿ ಒರೆಸುವುದು ಇದಕ್ಕಾಗಿಯೇ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,260 ಜೂಲ್ ಉಷ್ಣವನ್ನು ಹೀರುತ್ತದೆ. ಗುಪ್ತೋಷ್ಣದ ಪಾಠದಲ್ಲಿ ನಾವು ಉರುಹೊಡೆಯುವ ಸಂಖ್ಯೆ ಇದೇ. ದೋಸೆ ಹುಯ್ಯುವವರ ಕೈಗೆ ಅದು ಸಂಖ್ಯೆಯಿಲ್ಲದೆಯೇ ಗೊತ್ತು.

ಇನ್ನು ಕಾವಲಿಯು ದಪ್ಪನೆಯ ಕಬ್ಬಿಣದ್ದೇ ಆಗಬೇಕೆಂದು ಹಿರಿಯರು ಹಟ ಹಿಡಿಯುವುದೇಕೆ? ಇಲ್ಲಿ ಒಂದು ಲೆಕ್ಕವನ್ನು ಮಾಡೋಣ. 100 ಗ್ರಾಂ ಹಿಟ್ಟನ್ನು ಹುಯ್ದೆವೆನ್ನೋಣ. ಅದನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು ಸುಮಾರು 22,500 ಜೂಲ್ ಬೇಕು. ದೋಸೆ ಬೇಯುವಾಗ ಅದರಲ್ಲಿನ 25 ಗ್ರಾಂ ನೀರು ಆವಿಯಾದರೆ ಅದಕ್ಕೆ 56,500 ಜೂಲ್. ಒಟ್ಟು 79,000 ಜೂಲ್. ಕಬ್ಬಿಣದ ವಿಶಿಷ್ಟೋಷ್ಣ ಗ್ರಾಮಿಗೆ 0.45 ಜೂಲ್, ಆದುದರಿಂದ 2 ಕಿಲೋಗ್ರಾಂ ತೂಕದ ಕಾವಲಿಯು ಒಂದು ಡಿಗ್ರಿ ತಣಿಯುವಾಗ 900 ಜೂಲ್ ಕೊಡುತ್ತದೆ. ಒಲೆಯಿಂದ ಏನೂ ಬಾರದಿದ್ದರೂ ಈ ಕಾವಲಿ 88 ಡಿಗ್ರಿ ತಣಿದು ಆ ದೋಸೆಯನ್ನು ಬೇಯಿಸಬಲ್ಲುದು. ಅರ್ಧ ಕಿಲೋ ತೂಕದ ತೆಳುವಾದ ಅಲ್ಯೂಮಿನಿಯಂ ಬಾಣಲೆಯಾದರೋ, ಅದರ ವಿಶಿಷ್ಟೋಷ್ಣ ಕಬ್ಬಿಣದ ಇಮ್ಮಡಿಯಾದರೂ, ಡಿಗ್ರಿಗೆ 450 ಜೂಲ್ ಮಾತ್ರ ಕೊಡುತ್ತದೆ. ಅದೇ ಕೆಲಸಕ್ಕೆ ಅದು 175 ಡಿಗ್ರಿ ತಣಿಯಬೇಕಾಗುತ್ತದೆ. ಎಂದರೆ ದೋಸೆ ಬೇಯುವ ಮೊದಲೇ ಅದರ ಕಾವು ಮುಗಿಯುತ್ತದೆ. ಗಾಳಿ ಬಂದಾಗಲೆಲ್ಲ ಉರಿ ಏರಿಳಿಯುವ ಬಯಲೊಲೆಯ ಮೇಲೆ, ಕಾವನ್ನು ಕೂಡಿಟ್ಟುಕೊಂಡು ಸಮನಾಗಿ ಕೊಡುವ ದಪ್ಪ ಕಬ್ಬಿಣದ ಬೆಲೆ ಇನ್ನೂ ಹೆಚ್ಚು.

ಆದರೆ ಕಬ್ಬಿಣಕ್ಕೆ ಒಂದು ಕೊರತೆಯೂ ಉಂಟು. ಅದರಲ್ಲಿ ಉಷ್ಣವಹನ ಅಲ್ಯೂಮಿನಿಯಮಿಗಿಂತ ಬಹಳ ನಿಧಾನ. ಉರಿ ಎಲ್ಲಿ ತಾಗುವುದೋ ಅಲ್ಲಿ ಹೆಚ್ಚು ಕಾಯುತ್ತದೆ, ಅಂಚಿನಲ್ಲಿ ಕಡಿಮೆ. ಇದು ವಿದ್ಯಾರ್ಥಿಗೆ ಒಳ್ಳೆಯದೇ. ಎತ್ತಿದ ದೋಸೆಯ ತಳವನ್ನು ನೋಡಿದರೆ ಎಲ್ಲಿ ಕೆಂಪು, ಎಲ್ಲಿ ಬಿಳುಪು, ಎಲ್ಲಿ ಕಪ್ಪು ಎಂಬುದು ಕಾವಲಿಯ ಉಷ್ಣತೆಯ ನಕಾಶೆಯಂತೆಯೇ ಕಾಣುತ್ತದೆ. ಸೌದೆಯನ್ನು ಎತ್ತ ಸರಿಸಬೇಕೆಂಬುದನ್ನು ಆ ನಕಾಶೆಯೇ ಹೇಳುತ್ತದೆ.

ಈಗ ಮೊದಲನೆಯ ದೋಸೆಯ ಪ್ರಶ್ನೆಗೆ ಬರೋಣ. ಹಿಟ್ಟಿನಲ್ಲಿರುವ ಸಸಾರಜನಕಗಳು ಬರಿಯ ಲೋಹಕ್ಕೆ ಬಲವಾಗಿ ಅಂಟಿಕೊಳ್ಳುತ್ತವೆ. ಎಣ್ಣೆಯನ್ನು ತೆಳ್ಳಗೆ ಸವರಿ ಮತ್ತೆ ಮತ್ತೆ ಕಾಯಿಸಿದಾಗ ಅದರ ಅಣುಗಳು ಗಾಳಿಯ ಆಮ್ಲಜನಕದೊಡನೆ ಕೂಡಿ, ಒಂದಕ್ಕೊಂದು ಹೆಣೆದುಕೊಂಡು, ಗಟ್ಟಿಯಾದ ನುಣುಪು ಪೊರೆಯಾಗುತ್ತವೆ. ‘ಕಾವಲಿ ಪಳಗಿದೆ’ ಎಂದರೆ ಈ ಪೊರೆ ಬೆಳೆದಿದೆ ಎಂದರ್ಥ. ದಿನಗಟ್ಟಲೆ ಬಳಸದೆ ಇಟ್ಟ ಕಾವಲಿಯಲ್ಲಿ, ಅಥವಾ ಹುಣಿಸೆ ಹಚ್ಚಿ ತಿಕ್ಕಿ ತೊಳೆದ ಕಾವಲಿಯಲ್ಲಿ, ಪೊರೆ ಹರಿದಿರುತ್ತದೆ. ಕಾವು ಎಲ್ಲೆಡೆಯೂ ಹರಡುವ ಮುನ್ನವೇ ಹಿಟ್ಟು ಹುಯ್ದರಂತೂ ದೋಸೆ ಏಳುವುದೇ ಇಲ್ಲ. ಹೋಳು ಮಾಡಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುವುದು ಎಣ್ಣೆ ತೆಳ್ಳಗೆ, ಸಮನಾಗಿ ಹರಡುವ ಉಪಾಯ.

ಒಂದೇ ಬಗೆಯ ಹಿಟ್ಟಿನಿಂದ ಇಡ್ಲಿಯನ್ನೂ ಮಾಡುತ್ತೇವೆ, ದೋಸೆಯನ್ನೂ ಮಾಡುತ್ತೇವೆ. ಇಡ್ಲಿ ಬೆಳ್ಳಗೇ ಉಳಿಯುತ್ತದೆ. ದೋಸೆ ಹೊಂಬಣ್ಣ ತಳೆದು ಘಮಘಮಿಸುತ್ತದೆ. ಇದೇಕೆ? ಆವಿಯಲ್ಲಿ ಬೇಯುವ ಇಡ್ಲಿಯ ಕಾವು 100 ಡಿಗ್ರಿಯನ್ನು ದಾಟದು. ಕಾವಲಿಗೆ ತಾಗಿದ ದೋಸೆಯ ತಳದಲ್ಲಿ ನೀರು ಆರಿಹೋದೊಡನೆ ಉಷ್ಣತೆ ಮೇಲಕ್ಕೇರುತ್ತದೆ. ಸುಮಾರು 140 ಡಿಗ್ರಿಯನ್ನು ದಾಟಿದ ಮೇಲೆ ಹಿಟ್ಟಿನಲ್ಲಿರುವ ಸಕ್ಕರೆಗಳೂ ಅಮೈನೋ ಆಮ್ಲಗಳೂ ವೇಗವಾಗಿ ಕೂಡಿ ಬಣ್ಣವನ್ನೂ ಪರಿಮಳವನ್ನೂ ಕೊಡುವ ನೂರಾರು ಹೊಸ ಪದಾರ್ಥಗಳಾಗುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ಇದನ್ನು ವಿವರಿಸಿದುದರಿಂದ ಇದಕ್ಕೆ ಮಯಾರ್ ಕ್ರಿಯೆ ಎಂದು ಹೆಸರು. ನಮ್ಮ ನಾಡಿನಲ್ಲಾದರೋ 10ನೆಯ ಶತಮಾನದ ವಡ್ಡಾರಾಧನೆಯಲ್ಲಿ ‘ಇಡ್ಡಲಿಗೆ’ಯ ಹೆಸರಿದೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ‘ಧೋಸಕ’ ಎಂಬ ಭಕ್ಷ್ಯದ ಪ್ರಸ್ತಾಪವಿದೆ. ಕೈಗೆ ನೂರಾರು ವರ್ಷಗಳಿಂದ ತಿಳಿದಿದ್ದುದಕ್ಕೆ ವಿಜ್ಞಾನ ಕಾರಣವನ್ನು ಹೇಳಿತು. ಕೈಯ ತಿಳಿವೂ ಕಾರಣದ ತಿಳಿವೂ ಒಂದೇ ತಲೆಯಲ್ಲಿ ಕೂಡಬೇಕೆಂಬುದೇ ನಮ್ಮ ಆಸೆ. ಕಾರಣ ತಿಳಿದವರು ದೋಸೆಯನ್ನು ಕರಿಯಾಗಲು ಬಿಡುವುದಿಲ್ಲ. ಪಿಷ್ಟವುಳ್ಳ ಪದಾರ್ಥಗಳನ್ನು ಹೆಚ್ಚು ಕಾಯಿಸಿದಾಗ ಅಕ್ರಿಲಮೈಡ್ ಎಂಬ ಕೆಡುಕಿನ ವಸ್ತು ಹುಟ್ಟುವುದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ್ದಾರೆ. ಹೊಂಬಣ್ಣವೇ ಹದ.

ಹಿಂದಿನ ರಾತ್ರಿ ಹಿಟ್ಟು ಉಬ್ಬುವುದೂ ಪಾಠದ ಒಂದು ಭಾಗವೇ. ಉಬ್ಬಿಸುವ ಅನಿಲವನ್ನು ಬಿಡುವುದರಲ್ಲಿ ಲ್ಯೂಕೊನಾಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಜೀವಾಣುವಿನ ಪಾತ್ರವನ್ನು 1965ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಎತ್ತಿ ತೋರಿಸಿತು. ಚಳಿಯ ಊರಿನಲ್ಲಿ ಈ ಜೀವಾಣುಗಳು ನಿಧಾನವಾಗಿ ಬೆಳೆಯುವುದರಿಂದ ಹಿಟ್ಟಿನ ಪಾತ್ರೆಯನ್ನು ಬೆಚ್ಚಗಿಡಬೇಕು. ಹುಯ್ದ ದೋಸೆಯಲ್ಲಿ ಮೂಡುವ ಕಣ್ಣುಗಳು ಆ ಅನಿಲವೂ ನೀರಾವಿಯೂ ಹೊರಬಿದ್ದ ದಾರಿಗಳು. ಉತ್ತರ ಕರ್ನಾಟಕದ ಶಿಬಿರವಾದರೆ ಹಂಚಿನ ಮೇಲೆ ಜೋಳದ ರೊಟ್ಟಿಯನ್ನು ಬೇಯಿಸಬಹುದು. ಅದಕ್ಕೆ ಹಿಟ್ಟು ಉಬ್ಬಬೇಕಾಗಿಲ್ಲ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 1,700 ಘನ ಸೆಂಟಿಮೀಟರ್ ಜಾಗವನ್ನು ಆಕ್ರಮಿಸುತ್ತದೆ. ಎರಡೂ ಮೈ ಬೆಂದು ಬಿಗಿದ ರೊಟ್ಟಿಯೊಳಗೆ ಸಿಕ್ಕಿಕೊಂಡ ಈ ಆವಿಯೇ ರೊಟ್ಟಿಯನ್ನು ಪೂರಿಯಂತೆ ಉಬ್ಬಿಸುತ್ತದೆ.

ಶಿಬಿರ ಬೆಟ್ಟದ ಸೀಮೆಯಲ್ಲಿದ್ದರೆ ಕಾವಲಿಯ ಇನ್ನೊಂದು ಗುಣ ಗೋಚರವಾಗುತ್ತದೆ. ಎತ್ತರ ಹೆಚ್ಚಿದಂತೆ ವಾಯುವಿನ ಒತ್ತಡ ಇಳಿದು, ಪ್ರತಿ 300 ಮೀಟರಿಗೆ ಸರಿಸುಮಾರು ಒಂದು ಡಿಗ್ರಿಯಂತೆ ನೀರಿನ ಕುದಿಬಿಂದು ಇಳಿಯುತ್ತದೆ. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರದಲ್ಲಿ ಸುಮಾರು 94ಕ್ಕೆ. ತೆರೆದ ಪಾತ್ರೆಯಲ್ಲಿ ಬೇಳೆಯನ್ನು ಬೇಯಿಸುವವರು ಅಲ್ಲಿ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ. ಕಾವಲಿಯ ಕಾವಿಗೆ ವಾಯುವಿನ ಒತ್ತಡದ ಹಂಗಿಲ್ಲ. ಎಷ್ಟು ಎತ್ತರದಲ್ಲಿಯೂ ದೋಸೆ ಕೆಂಪಗಾಗುತ್ತದೆ.

ಇಷ್ಟು ಕಾವಲಿಯ ಮೇಲಣ ವಿಷಯ. ಅದರ ಕೆಳಗಣ ವಿಷಯ ಇದಕ್ಕಿಂತ ಗಂಭೀರವಾದುದು. ಒಣಸೌದೆಯ ಒಂದು ಕಿಲೋದಲ್ಲಿ ಸುಮಾರು 150 ಲಕ್ಷ ಜೂಲ್ ಶಕ್ತಿಯಿದೆ. ನಮ್ಮ ಲೆಕ್ಕದಂತೆ ಹತ್ತು ದೋಸೆಗಳಿಗೆ ಬೇಕಾದುದು 7.9 ಲಕ್ಷ ಜೂಲ್. ಮೂರು ಕಲ್ಲಿನ ಒಲೆಯಲ್ಲಿ ಹತ್ತು ದೋಸೆ ಬೇಯಿಸುವಷ್ಟರಲ್ಲಿ ಒಂದು ಕಿಲೋ ಸೌದೆ ಉರಿದುಹೋದರೆ ದಕ್ಷತೆ ಶೇಕಡ 5ರಷ್ಟು ಮಾತ್ರ. ಉಳಿದುದೆಲ್ಲ ಎಲ್ಲಿಗೆ ಹೋಯಿತು? ಗಾಳಿಗೆ, ಕಲ್ಲಿಗೆ, ನೆಲಕ್ಕೆ. ಅರೆಬೆಂದ ಇಂಗಾಲವಾಗಿ ಹೊಗೆಗೆ, ಮಸಿಗೆ. ಸೌದೆಯನ್ನು ತೂಗಿ, ದೋಸೆಯನ್ನು ಬೇಯಿಸುವ ಮೊದಲೂ ಆಮೇಲೂ ತೂಗಿ, ಈ ಲೆಕ್ಕವನ್ನು ತಾನೇ ಮಾಡಿದ ವಿದ್ಯಾರ್ಥಿಗೆ ‘ದಕ್ಷತೆ’ ಎಂಬ ಮಾತು ಮರೆಯುವುದಿಲ್ಲ. ಗಾಳಿ ಬೀಸುವ ಕಡೆಗೆ ಮರೆ ಕಟ್ಟಿ, ಸೌದೆಯನ್ನು ಸೀಳಿ ಸಣ್ಣದು ಮಾಡಿ, ಕೆಳಗಿನಿಂದ ಗಾಳಿಯಾಡಲು ಎಡೆಬಿಟ್ಟು ಮತ್ತೆ ಲೆಕ್ಕಹಾಕಲಿ. ಒಂದೇ ಬೆಳಗಿನಲ್ಲಿ ಸಂಖ್ಯೆ ಏರುವುದನ್ನು ಆತ ಕಾಣುತ್ತಾನೆ.

ಇದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರು ನಮ್ಮಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಗ್ರಾಮಗಳಿಗೆ ಒಗ್ಗುವ ತಂತ್ರಜ್ಞಾನವನ್ನು ರೂಪಿಸುವುದು ಅದರ ಗುರಿ. ಅಲ್ಲಿನ ವಿಜ್ಞಾನಿಗಳು ಸಾಮಾನ್ಯ ಸೌದೆ ಒಲೆಯನ್ನು ಅಳೆದು, ಅದರ ಬಾಯಿಯನ್ನೂ ಗಾಳಿಯ ದಾರಿಯನ್ನೂ ತಿದ್ದಿ, ಹೊಗೆಕೊಳವೆಯನ್ನು ಕೂಡಿಸಿ ‘ಅಸ್ತ್ರ ಒಲೆ’ಯನ್ನು ನಿರ್ಮಿಸಿದರು. ಒಲೆಯೂ ಸಂಶೋಧನೆಗೆ ಯೋಗ್ಯವಾದ ವಸ್ತುವೆಂದು ಅವರಿಗೆ ತೋರಿದುದೇ ದೊಡ್ಡ ಮಾತು.

ಬಯಲಿನಲ್ಲಿ ಅರ್ಧ ಗಂಟೆ ಒಲೆ ಊದಿ ಕಣ್ಣುಜ್ಜಿಕೊಂಡ ಹುಡುಗನು ಎದ್ದು ಗಾಳಿಗೆ ಬರಬಲ್ಲನು. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಅದೇ ಹೊಗೆಯನ್ನು ದಿನಕ್ಕೆ ಮೂರು ಹೊತ್ತು, ನಲವತ್ತು ವರ್ಷ ಕುಡಿದ ತಾಯಿ ಎಲ್ಲಿಗೆ ಎದ್ದು ಹೋಗಬೇಕು? ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನರು ಅಕಾಲ ಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ದೇಶದಲ್ಲಿ 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಕೋಟ್ಯಂತರ ಮನೆಗಳಿಗೆ ಅನಿಲದ ಒಲೆ ಬಂದಿತು. ಆದರೂ ಸಿಲಿಂಡರನ್ನು ಮೂಲೆಯಲ್ಲಿಟ್ಟು ಸೌದೆಯನ್ನೇ ಉರಿಸುವ ಮನೆಗಳು ಉಳಿದಿವೆ. ಹೊಗೆಯ ವಿಷಯವನ್ನು ಪುಸ್ತಕದಲ್ಲಿ ಓದಿದವನಿಗೂ ಒಂದು ಬೆಳಗ್ಗೆ ಅದನ್ನು ಕುಡಿದವನಿಗೂ ಇರುವ ಅಂತರ ಅಲ್ಪವಲ್ಲ. ಆದುದರಿಂದ ಸೌದೆ ಒಲೆಯನ್ನು ಹಾಡಿ ಹೊಗಳುವುದು ನಮ್ಮ ಉದ್ದೇಶವಲ್ಲವೆಂಬುದನ್ನು ಓದುಗರು ಗಮನಿಸಬೇಕು. ಅದರ ಗುಣದೋಷಗಳೆರಡನ್ನೂ ಕೈಯಾರ ಅಳೆದು ನೋಡಬೇಕೆಂಬುದೇ ನಮ್ಮ ವಾದ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಬೆಂಕಿ ಅಪಾಯವೆಂದು ಕೆಲವರು ಹೇಳುತ್ತಾರೆ. ಅಪಾಯವು ನಿಜ, ಆದರೆ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಆಮ್ಲವೂ ಅಪಾಯವೇ. ಅಧ್ಯಾಪಕರು ಎದುರಿಗಿರಬೇಕು, ಜೋತುಬಿದ್ದ ನೈಲಾನ್ ಬಟ್ಟೆಗಳು ಕೂಡದು, ಒಲೆಯ ಸುತ್ತ ತರಗೆಲೆಗಳನ್ನು ಗುಡಿಸಿ, ಎರಡು ಬಕೆಟ್ಟು ನೀರನ್ನು ಬಳಿಯಲ್ಲಿಡಬೇಕು, ಎದ್ದು ಹೋಗುವಾಗ ಕೆಂಡಕ್ಕೆ ನೀರು ಹುಯ್ದು, ಬೂದಿ ತಣ್ಣಗಾಯಿತೆಂದು ಖಚಿತಮಾಡಿಕೊಳ್ಳಬೇಕು. ಕಾಡಿನಲ್ಲಿಯೂ ಬೆಟ್ಟದ ಒಣಹುಲ್ಲಿನಲ್ಲಿಯೂ ಒಲೆ ಹೂಡಲೇಬಾರದು. ಒಂದು ಕಿಡಿ ಅಲ್ಲಿ ನೂರಾರು ಎಕರೆಯನ್ನು ಸುಡಬಲ್ಲುದು. ಶಾಲೆಯ ಅಂಗಳ, ಊರ ಬಯಲುಗಳೇ ಇದಕ್ಕೆ ತಕ್ಕ ಸ್ಥಳಗಳು.

ಸಮಯ ವ್ಯರ್ಥವೆಂಬುದು ಇನ್ನೊಂದು ಆಕ್ಷೇಪ. ಮೇಲೆ ಹೇಳಿದ ವಿಷಯಗಳನ್ನು ಎಣಿಸಿ ನೋಡಿ: ಗುಪ್ತೋಷ್ಣ, ವಿಶಿಷ್ಟೋಷ್ಣ, ಉಷ್ಣವಹನ, ಕುದಿಬಿಂದು, ದಹನ, ಜೀವಾಣು. ಎರಡು ಗಂಟೆಗಳಲ್ಲಿ ಇಷ್ಟನ್ನು ಕಲಿಸಿ, ಮೇಲೆ ಹೊಟ್ಟೆಯನ್ನೂ ತುಂಬಿಸುವ ತರಗತಿ ಬೇರೆ ಯಾವುದಿದೆ?

ಅಡುಗೆ ಹೆಣ್ಣುಮಕ್ಕಳ ಕೆಲಸವೆಂಬ ಆಕ್ಷೇಪವನ್ನು ಯಾರೂ ಈಗ ಬಾಯಿಬಿಟ್ಟು ಆಡುವುದಿಲ್ಲ. ಆದರೆ ಶಿಬಿರಗಳಲ್ಲಿ ಸೌಟು ಯಾರ ಕೈಗೆ ಹೋಗುತ್ತದೆಂದು ನೋಡಿದರೆ ಅದು ಇನ್ನೂ ಸತ್ತಿಲ್ಲವೆಂದು ತಿಳಿಯುತ್ತದೆ. ಹುಡುಗರು ಸೌದೆ ತರುವುದು, ಹುಡುಗಿಯರು ಹಿಟ್ಟು ಹುಯ್ಯುವುದು ಎಂಬ ಹಂಚಿಕೆ ನಮಗೆ ಒಪ್ಪಿಗೆಯಲ್ಲ. ಒಲೆ, ಕಾವಲಿ, ತಕ್ಕಡಿ, ಪಾತ್ರೆ ತೊಳೆಯುವುದು, ಈ ನಾಲ್ಕೂ ಸರದಿಯಂತೆ ಎಲ್ಲರ ಕೈಗೂ ಬರಬೇಕು. ಒಂದು ದಿನ ಇಪ್ಪತ್ತು ಜನರಿಗೆ ದೋಸೆ ಹುಯ್ದ ಹುಡುಗನು ಮನೆಗೆ ಹೋಗಿ, “ಅಮ್ಮ, ಇನ್ನೆರಡು ಹಾಕು” ಎನ್ನುವ ಮುನ್ನ ಒಮ್ಮೆ ಒಲೆಯ ಕಡೆ ನೋಡುವನೆಂದು ನಮ್ಮ ನಂಬಿಕೆ.

ಮುಖ್ಯೋಪಾಧ್ಯಾಯರಲ್ಲಿಯೂ ಶಿಬಿರಾಧಿಕಾರಿಗಳಲ್ಲಿಯೂ ನಮ್ಮ ವಿನಂತಿ ದೊಡ್ಡದೇನಲ್ಲ. ಮುಂದಿನ ಶಿಬಿರದ ಸಾಮಾನುಗಳ ಪಟ್ಟಿಯಲ್ಲಿ ಪಳಗಿದ ಕಾವಲಿಯೊಂದು, ತಕ್ಕಡಿಯೊಂದು, ಬರೆದಿಡಲು ಪುಸ್ತಕವೊಂದು ಸೇರಲಿ. ಮೊದಲನೆಯ ದೋಸೆ ಹರಿದುಹೋದರೆ ಯಾರೂ ನಗುವುದು ಬೇಡ. ಏಕೆ ಹರಿಯಿತೆಂದು ಕಾರಣ ಬರೆದಿಟ್ಟು ಎರಡನೆಯದನ್ನು ಹುಯ್ಯಲಿ.